ಕೊಂಬೋ, ಒತ್ತೋ?

ಬೆಂಗಳೂರು, 12 ನವೆಂಬರ್ 2024, ಮಂಗಳವಾರ

ನಾವು ತಂತ್ರಾಂಶವನ್ನು ನೋಡಿಕೊಳ್ಳುವ ಸಹಕಾರ ಸಂಘವೊಂದು ಈ ರಾಜ್ಯೋತ್ಸವದ ದಿನದಿಂದ ಸದಸ್ಯತ್ವದ ಅರ್ಜಿಯನ್ನು ಜಾಲತಾಣದಲ್ಲಿ ಕನ್ನಡದಲ್ಲಿಯೂ ತುಂಬಲು ಅವಕಾಶ ಕೊಟ್ಟಿದೆ. ನಿನ್ನೆ ಸಂಜೆ ಅಲ್ಲಿನ ಗುಮಾಸ್ತರು ಕರೆ ಮಾಡಿ, "ಸಾರ್, ಬರೆದಿರೋದು ಎರಡೇ ಸಾಲು, ವಿಳಾಸ ಉದ್ದವಾಯಿತು ಅಂತ ಅರ್ಜಿ ವಾಪಸ್ ಬರ್ತಿದೆ" ಎಂದರು. ಉದ್ದದ ಮಿತಿಯನ್ನು ಹೆಚ್ಚಿಸಿದರೆ ಸಾಕೆಂದುಕೊಂಡು ಇಂದು ಬೆಳಗ್ಗೆ ಕಚೇರಿಗೆ ಬಂದು ಕೋಷ್ಟಕವನ್ನು ತೆರೆದಾಗ, ಉದ್ದದ ಮಾತು ಅತ್ತಲಾಗಿರಲಿ, ಸ್ವೀಕೃತವಾಗಿದ್ದ ಅರ್ಜಿಗಳಲ್ಲಿಯೂ ಕನ್ನಡದ ಒಂದು ಅಕ್ಷರ ಕಾಣಲಿಲ್ಲ. ನೆತ್ತಿಯ ಮೇಲೆ ಓರೆಗೆರೆ ಹೊತ್ತ ಲ್ಯಾಟಿನ್ ಅಕ್ಷರ, ಅದರ ಪಕ್ಕದಲ್ಲಿ ಮೇಲಕ್ಕೇರಿ ಕುಳಿತ ಪುಟ್ಟ ಎರಡು ಅಥವಾ ಮೂರು, ಆಮೇಲೆ ಏನಾದರೊಂದು ಚಿಹ್ನೆ: ಸಾಲು ಸಾಲಿಗೂ ಇದೇ ಮೆರವಣಿಗೆ.

ಯಾರೋ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ತಂದು ಅಂಟಿಸಿರಬೇಕೆಂಬ ನನ್ನ ಮೊದಲ ಅನುಮಾನ ಹೆಚ್ಚು ಹೊತ್ತು ನಿಲ್ಲಲಿಲ್ಲ, ಏಕೆಂದರೆ ಆ ಬಗೆಯ ಪಠ್ಯದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಮೂರು ಮೂರರ ಗುಂಪುಗಳು ಕಾಣುವುದಿಲ್ಲ. ಮೂರರ ಗುಂಪೆಂದರೆ ಅದು ಯುನಿಕೋಡಿನ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯ ಗುರುತು. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕಿರುವ 128 ಸ್ಥಾನಗಳಲ್ಲಿ ಪ್ರತಿಯೊಂದೂ ಯುಟಿಎಫ್-8ರಲ್ಲಿ ಮೂರು ಬೈಟ್ ಆಗುತ್ತದೆ. ಹದಿನಾರರ ಎಣಿಕೆಯಲ್ಲಿ ಬರೆದರೆ ಮೊದಲ ಬೈಟ್ ಎಲ್ಲಕ್ಕೂ ಇ0, ಎರಡನೆಯದು ಮೊದಲರ್ಧದ 64 ಸ್ಥಾನಗಳಿಗೆ ಬಿ2, ಉಳಿದರ್ಧಕ್ಕೆ ಬಿ3. ಅದೇ ಬೈಟುಗಳನ್ನು ವಿಂಡೋಸ್-1252 ಎಂಬ ಪಾಶ್ಚಾತ್ಯ ಪಟ್ಟಿಯ ಪ್ರಕಾರ ಒಂದೊಂದಾಗಿ ಓದಿದರೆ ಇ0 ಎಂಬುದು ಆ ಓರೆಗೆರೆಯ ಅಕ್ಷರವೂ, ಬಿ2 ಪುಟ್ಟ ಎರಡೂ, ಬಿ3 ಪುಟ್ಟ ಮೂರೂ ಆಗುತ್ತವೆ. ಮೂರನೆಯ ಬೈಟಿನಿಂದ 'ಕ'ಕ್ಕೆ ದಪ್ಪ ಚುಕ್ಕೆ, 'ರ'ಕ್ಕೆ ಡಿಗ್ರಿಯ ಸೊನ್ನೆ, ದೀರ್ಘ ಈಕಾರಕ್ಕೆ ಯೂರೋ ನಾಣ್ಯದ ಗುರುತು. (ಮಧ್ಯಾಹ್ನದ ಹೊತ್ತಿಗೆ ನಾನು ಚಿಕ್ಕ ಚಿಕ್ಕ ಹೆಸರುಗಳನ್ನು ಹೀಗೆಯೇ ನೇರವಾಗಿ ಓದಬಲ್ಲವನಾಗಿದ್ದೆ.) ಒಂದು ಸಂಕೇತ ಮೂರಾಗುವುದರಿಂದ ನೂರರ ಮಿತಿಯ ಅಂಕಣ 33ಕ್ಕೇ ತುಂಬಿಹೋಗುತ್ತಿತ್ತು, ಗುಮಾಸ್ತರು ಹೇಳಿದ ದೂರಿನ ಮೂಲ ಇಷ್ಟೇ.

ಹಾಗಾದರೆ ತಪ್ಪಾಗಿ ಓದುತ್ತಿರುವವರು ಯಾರು? ಪುಟದ ಶಿರೋಭಾಗದಲ್ಲಿ ಯುಟಿಎಫ್-8 ಎಂದು ಘೋಷಣೆಯಿತ್ತು, ದತ್ತಸಂಚಯದ ಸಂಪರ್ಕವೂ ಸರಿಯಾಗಿತ್ತು. ಬ್ರೌಸರು ಅರ್ಜಿಯನ್ನು ಕಳುಹಿಸುವಾಗ ಬೈಟುಗಳನ್ನು ಶೇಕಡಾ ಚಿಹ್ನೆಯ ಜೊತೆ ಬರೆದು ಕಳುಹಿಸುತ್ತದೆಯೇ ಹೊರತು ಅವು ಯಾವ ಸಂಕೇತಪದ್ಧತಿಯವು ಎಂಬುದನ್ನು ಸಾಮಾನ್ಯವಾಗಿ ತಿಳಿಸುವುದಿಲ್ಲ. ಅದನ್ನು ಸರ್ವರಿಗೆ ನಾವೇ ಹೇಳಬೇಕು. ಹೇಳುವ ಫಿಲ್ಟರನ್ನು ಎಲ್ಲಕ್ಕಿಂತ ಮೊದಲು ಬರುವಂತೆ ಸೇರಿಸಿದೆ. ಏನೂ ಬದಲಾಗಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಫಿಲ್ಟರು ಇದ್ದರೂ ಇಲ್ಲದಿದ್ದರೂ ಕನ್ನಡ ಸರಿಯಾಗಿಯೇ ಬರುತ್ತಿತ್ತು, ಸಂಘದ ಸರ್ವರಿನಲ್ಲಿ ಎರಡು ರೀತಿಯಲ್ಲಿಯೂ ಕೆಡುತ್ತಿತ್ತು. ಲ್ಯಾಪ್‌ಟಾಪು ಲಿನಕ್ಸ್, ಸರ್ವರು ವಿಂಡೋಸ್ ಎಂಬುದನ್ನು ನೆನೆಯಲು ನನಗೆ ಒಂದು ಗಂಟೆ ಬೇಕಾಯಿತು.

ಆರು ವರ್ಷಗಳ ಹಿಂದೆ ಸಂಘದವರು ಬಂದ ಅರ್ಜಿಯ ಮೂಲಪ್ರತಿಯನ್ನು ಇದ್ದಂತೆಯೇ ಇಟ್ಟುಕೊಳ್ಳಬೇಕೆಂದಿದ್ದರು. ಸರ್ವರಿಗೆ ಬಂದ ವಿನಂತಿಗಳಿಗೆ ಉತ್ತರಿಸುವ ಜಾವಾ ಸರ್ವ್‌ಲೆಟ್ಟಿನಲ್ಲಿ ವಿನಂತಿಯ ಒಡಲನ್ನು ಒಮ್ಮೆ ಓದಿ ಮುಗಿಸಿದರೆ ಆಮೇಲೆ ಅರ್ಜಿಯ ಅಂಶಗಳನ್ನು ಕೇಳಿದಾಗ ಬರಿಗೈ ಬರುತ್ತದೆ. ಹಾಗಾಗಿ ಒಡಲನ್ನು ಕೈಯಿಂದಲೇ ಬಿಡಿಸುವ ನಾಲ್ಕು ಸಾಲುಗಳನ್ನು ನಾನು ಬರೆದಿದ್ದೆ. ಅದರಲ್ಲಿ, ಶೇಕಡಾ ಚಿಹ್ನೆಯ ಬರಹವನ್ನು ಬಿಡಿಸಿ ಅಕ್ಷರಗಳಾಗಿಸುವ ಯುಆರ್‌ಎಲ್‌ಡಿಕೋಡರಿಗೆ ಪಠ್ಯವನ್ನು ಮಾತ್ರ ಕೊಟ್ಟು, ಸಂಕೇತಪದ್ಧತಿಯ ಹೆಸರನ್ನು ಕೊಡದೆ ಬಿಟ್ಟಿದ್ದೆ. ಹೆಸರು ಕೊಡದಿದ್ದರೆ ಅದು ಆಯಾ ಯಂತ್ರದ ರೂಢಿಯ ಪದ್ಧತಿಯನ್ನು ಹಿಡಿಯುತ್ತದೆ, ಫಿಲ್ಟರು ಹೇಳಿದ್ದು ಅದನ್ನು ತಲುಪುವುದಿಲ್ಲ. 2022ರಲ್ಲಿ ಬಂದ ಜಾವಾ 18ರಿಂದ ಈಚೆಗೆ ಆ ರೂಢಿ ಎಲ್ಲೆಡೆಯೂ ಯುಟಿಎಫ್-8 ಆಗಿದೆ, ಆದರೆ ಸಂಘದ ಸರ್ವರಿನಲ್ಲಿ ಇರುವುದು ಜಾವಾ 11. ಇಂಗ್ಲಿಷಿನ ಅಕ್ಷರಗಳು ಎರಡೂ ಪದ್ಧತಿಗಳಲ್ಲಿ ಒಂದೇ ಬೈಟುಗಳಾದ್ದರಿಂದ ಆರು ವರ್ಷ ಯಾರಿಗೂ ಏನೂ ತಿಳಿಯಲಿಲ್ಲ. ತಿದ್ದುಪಡಿ ಒಂದೇ ಪದದ್ದು, ಹನ್ನೆರಡೂವರೆಗೆ ಮುಗಿಯಿತು.

ಕೆಟ್ಟದ್ದನ್ನು ಹಿಂದಕ್ಕೆ ತರುವುದೇ ದೊಡ್ಡ ಕೆಲಸವಾಯಿತು. ಮೂಲಪ್ರತಿಗಳು ಏಳು ದಿನ ಮಾತ್ರ ಉಳಿಯುತ್ತವೆ. 5ನೇ ತಾರೀಖಿನಿಂದ ಈಚಿನ 86 ಅರ್ಜಿಗಳನ್ನು ಅವುಗಳಿಂದಲೇ ಮತ್ತೆ ಬಿಡಿಸಿಕೊಂಡೆ. ಅದಕ್ಕೂ ಹಿಂದಿನ 57 ಅರ್ಜಿಗಳಿಗೆ ಕೋಷ್ಟಕದಲ್ಲಿರುವುದೇ ಗತಿ. ವಿಂಡೋಸ್-1252ಕ್ಕೆ ತಿರುಗಿಸಿ, ಬಂದ ಬೈಟುಗಳನ್ನು ಯುಟಿಎಫ್-8 ಎಂದು ಓದಿದಾಗ ಜಯನಗರ, ರಾಜಾಜಿನಗರ, ಚಾಮರಾಜಪೇಟೆ ಎಲ್ಲವೂ ಸುರಕ್ಷಿತವಾಗಿ ಮರಳಿದವು. ಮಲ್ಲೇಶ್ವರ, ಬಸವನಗುಡಿ ಮಾತ್ರ ಮುರಿದು ಬಂದವು. ಬೆಂಗಳೂರು ಎಂಬ ಪದವಂತೂ ಒಂದು ಅರ್ಜಿಯಲ್ಲಿಯೂ ಪೂರ್ತಿಯಾಗಿ ಮರಳಲಿಲ್ಲ.

ವಿಂಡೋಸ್-1252 ಪಟ್ಟಿಯ 256 ಮನೆಗಳಲ್ಲಿ ಐದು ಖಾಲಿ ಇವೆ: 81, 8ಡಿ, 8ಎಫ್, 90, 9ಡಿ. ಖಾಲಿ ಮನೆಗೆ ಬಂದ ಬೈಟನ್ನು ಜಾವಾ ಎಸೆದು, ಅದರ ಜಾಗದಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಇಡುತ್ತದೆ. ಕನ್ನಡದ ದುರದೃಷ್ಟವೆಂದರೆ 81 ಎಂಬುದು ನಮ್ಮ ಕೊಂಬಿನ, 8ಡಿ ಎಂಬುದು ಒತ್ತಕ್ಷರವನ್ನೂ ಅರ್ಧಾಕ್ಷರವನ್ನೂ ಹುಟ್ಟಿಸುವ ವಿರಾಮದ ಕೊನೆಯ ಬೈಟುಗಳು. ಇವೆರಡೂ ಇಲ್ಲದ ಕನ್ನಡ ವಾಕ್ಯವೊಂದನ್ನು ಬರೆಯಲು ಪ್ರಯತ್ನಿಸಿದರೆ ಕಷ್ಟ ತಿಳಿಯುತ್ತದೆ. ಉಳಿದ ಮೂರು ಮನೆಗಳು ಏ, ಐ, ಝ ಅಕ್ಷರಗಳವು. ಏಳನೇ ಅಡ್ಡರಸ್ತೆಯ ಏ, ಐದನೇ ಅಡ್ಡರಸ್ತೆಯ ಐ ಎರಡೂ ಹೋಗಿದ್ದರೂ ಮುಂದಿನ ಳ, ದ ಉಳಿದಿದ್ದರಿಂದ ಅಲ್ಲಿ ತೊಡಕಾಗಲಿಲ್ಲ.

ಪುಟ್ಟ ಮೂರರ ಮುಂದೆ ವಜ್ರವಿದ್ದರೆ ಅದು ಕೊಂಬು ಇಲ್ಲವೇ ವಿರಾಮ, ಬೇರೆಯದಲ್ಲ. ಅದಾದ ಕೂಡಲೇ ಅನುಸ್ವಾರದ ಸೊನ್ನೆ ಬಂದರೆ ಕೊಂಬೆಂದು ಖಚಿತವಾಗಿ ಹೇಳಬಹುದು. ರಸ್ತೆ, ಮುಖ್ಯ, ಕ್ರಾಸ್, ಬೆಂಗಳೂರು ಮೊದಲಾದ ಪದಗಳಿಗೆ ಪಟ್ಟಿ ಮಾಡಿ ವಿಳಾಸಗಳನ್ನು ಬಹುಮಟ್ಟಿಗೆ ಸರಿಪಡಿಸಿದೆ. ಹೆಸರುಗಳ ಬಳಿಗೆ ಬಂದಾಗ ಕೈ ತಡೆಯಿತು. ಭಕ್ತಿಯೂ ಭಕುತಿಯೂ, ಪದ್ಮವೂ ಪದುಮವೂ ಈ ಯಂತ್ರದ ಪಾಲಿಗೆ ಈಗ ಒಂದೇ. ದಾಸರ ಪದಗಳನ್ನು ಕೇಳಿ ಬೆಳೆದವರಿಗೆ ಎರಡೂ ಸರಿಯಾದ ರೂಪಗಳೇ. ಪದಕೋಶ ಇಟ್ಟು ಊಹಿಸೋಣವೆಂದು ಕಿರಿಯ ಸಹೋದ್ಯೋಗಿ ಸೂಚಿಸಿದರು. ಬೇರೊಬ್ಬರ ಹೆಸರನ್ನು, ಅದೂ ಷೇರುಪತ್ರದ ಮೇಲೆ ಅಚ್ಚಾಗುವ ಹೆಸರನ್ನು, ಊಹಿಸುವುದಕ್ಕೆ ನಾನು ಒಪ್ಪಲಿಲ್ಲ.

57 ಹೆಸರುಗಳಲ್ಲಿ ಮಹದೇವ, ಮಾಲತಿ, ಲೀಲಾ ಮುಂತಾದ 19 ತಾವಾಗಿ ಮರಳಿದ್ದವು. ಉಳಿದ 38 ಅರ್ಜಿಗಳ ದೂರವಾಣಿ ಸಂಖ್ಯೆಗಳನ್ನು ಸಂಜೆ ಗುಮಾಸ್ತರಿಗೆ ಕಳುಹಿಸಿದೆ. ಪಟ್ಟಿ ನೋಡಿ ಅವರು, "ಹೆಸರನ್ನ ಬಿಡಿಬಿಡಿಯಾಗಿ ಹೇಳಿ ಅಂತ ಕೇಳ್ತೀನಿ ಸಾರ್, ಕೊಂಬಾ ಒತ್ತಾ ಅಂತ" ಎಂದರು. ನಾಳೆ ಹತ್ತು ಗಂಟೆಯಿಂದ ಕರೆಗಳನ್ನು ಶುರುಮಾಡುತ್ತಾರೆ.