ಸೌದೆ ಎಲ್ಲಿಂದ ತರ್ತೀಯಪ್ಪ?

ನಮ್ಮೂರಿನ ಬಸ್ ಸ್ಟಾಪಿನ ಗೋಡೆ ಮೇಲೆ ಒಂದು ಪೋಸ್ಟರ್ ಇದೆ. ಮಂಗ, ಉಣುಗು, ಮರಗಳ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ ‘ಕಾಡಿಗೆ ಹೋಗಬೇಡಿ’. ಅದರ ಮುಂದೆಯೇ ಹೆಂಗಸರು ಹೆಡಿಗೆ ಹೊತ್ತುಕೊಂಡು ಕಾಡಿಗೆ ಹೋಗುತ್ತಾರೆ. ಹೋಗದೆ ಎಂತ ಮಾಡುವುದು? ಕೊಟ್ಟಿಗೆಗೆ ಹಾಸಲು ದರಕು (ಒಣ ಎಲೆ) ಬೇಕು. ಬಚ್ಚಲ ಒಲೆಗೆ ಸೌದೆ ಬೇಕು. ತೋಟಕ್ಕೆ ಸೊಪ್ಪು ಬೇಕು. ದನ ಮೇಯಲು ಬೇರೆ ಜಾಗವಿಲ್ಲ. ಸಾಗರದ ನಮ್ಮ ಕಡೆ ಹಿತ್ತಲ ಬೇಲಿ ದಾಟಿದರೆ ಅದೇ ಕಾಡು.

ಉಣುಗು ಕಚ್ಚಿ ಬರುವ ಈ ಮಂಗನ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಜನರಿಗೂ ಜ್ವರ ಬಂತು. ಪುಣೆಯಿಂದ ವಿಜ್ಞಾನಿಗಳು ಬಂದು ವೈರಸ್ ಪತ್ತೆ ಹಚ್ಚಿದರು. ಅಂದಿನಿಂದ ಆಸ್ಪತ್ರೆ ಕಾಗದದಲ್ಲಿ ಅದಕ್ಕೆ ಕೆಎಫ್‌ಡಿ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ, ಎಂಬ ಹೆಸರು. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನ ಕಡೆ ಜನ ಸತ್ತಿದ್ದು ಇಲ್ಲಿ ಯಾರೂ ಮರೆತಿಲ್ಲ. ವರ್ಷಾನುಗಟ್ಟಲೆ ಕೊಡುತ್ತಿದ್ದ ಲಸಿಕೆ, ಪರಿಣಾಮ ಸಾಲದು ಎಂದು ಈಗ ನಿಂತಿದೆ. ಹೊಸದು ಇನ್ನೂ ಪ್ರಯೋಗದ ಹಂತದಲ್ಲಿದೆ. ಹಾಗಾಗಿ ಸದ್ಯಕ್ಕೆ ನಮ್ಮ ಕೈಲಿರುವುದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯ ಬಾಟಲಿ, ಉದ್ದ ತೋಳಿನ ಅಂಗಿ, ಬಿಸಿನೀರು. ಇಷ್ಟೇ.

ನಾನು ಊರಿನ ಆರೋಗ್ಯ, ನೈರ್ಮಲ್ಯ ಸಮಿತಿಯ ಸದಸ್ಯೆ. ದೊಡ್ಡ ಹುದ್ದೆಯೇನಲ್ಲ. ಸಭೆಗೆ ಹೋಗಿ ಸಹಿ ಹಾಕುವುದು, ಆಶಾ ಕಾರ್ಯಕರ್ತೆ ಅಕ್ಕನ ಜೊತೆ ಆಗಾಗ ಮನೆ ಮನೆ ತಿರುಗುವುದು. ಈ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಎಣ್ಣೆ ಹಂಚಲು ಹೊರಟೆವು. ಅಕ್ಕನ ಕೈಲಿ ರೇಷನ್ ಕಾರ್ಡಿನ ಪಟ್ಟಿ ಇತ್ತು. ಒಂದು ಕಾರ್ಡಿಗೆ ಇಷ್ಟು ಬಾಟಲಿ ಅಂತ ಲೆಕ್ಕ.

ಮೊದಲ ಮನೆಗಳಲ್ಲಿ ವಿಶೇಷವೇನೂ ಇರಲಿಲ್ಲ. ಎಣ್ಣೆ ಕೊಟ್ಟೆವು, ಕಾಫಿ ಕುಡಿದೆವು. ಗುಡ್ಡದಂಚಿನ ಅಜ್ಜಿಯ ಮನೆಗೆ ಹೋದಾಗ ತೊಡಕು ಶುರುವಾಯಿತು. ಅವರ ಹೆಸರು ಪಟ್ಟಿಯಲ್ಲಿಲ್ಲ. ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಲ್ಲಿ ಊರು ಮುಳುಗಿದಾಗ ಅವರ ಮಾವ ಇಲ್ಲಿ ಬಂದು ಗುಡಿಸಲು ಹಾಕಿದ್ದಂತೆ. ಜಾಗಕ್ಕೆ ಇವತ್ತಿಗೂ ಹಕ್ಕುಪತ್ರವಿಲ್ಲ. ಅಜ್ಜಿ ಎಣ್ಣೆ ತಗೊಂಡು ಮೂಸಿ ನೋಡಿ ಮುಖ ಸಿಂಡರಿಸಿದರು.

“ಇದನ್ನ ಹಚ್ಚಿಕೊಂಡ್ರೆ ದನ ಹತ್ರ ಬತ್ತವಾ?”

ಬರುತ್ತವೆ ಅಜ್ಜಿ ಅಂತ ಅಕ್ಕ ನಕ್ಕು, ಹಚ್ಚುವುದು ಹೇಗೆ ಅಂತ ತಮ್ಮ ಕೈಗೇ ಹಚ್ಚಿ ತೋರಿಸಿದರು. ಅಂಗೈಗೆ ಸ್ವಲ್ಪ ಸುರಿದುಕೊಂಡು ಮೊಣಕೈ ತನಕ, ಕುತ್ತಿಗೆಗೆ, ಪಾದದಿಂದ ಮೊಣಕಾಲಿನ ಮೇಲಿನವರೆಗೆ. ಕಣ್ಣು, ಬಾಯಿ, ಗಾಯದ ಹತ್ತಿರ ಬೇಡ. ಬೆವರಿಗೆ ಹೋಗುತ್ತದೆ, ಹಾಗಾಗಿ ಜಾಸ್ತಿ ಹೊತ್ತು ಇದ್ದರೆ ಮತ್ತೆ ಹಚ್ಚಬೇಕು. ಮನೆಗೆ ಬಂದ ಮೇಲೆ ಸೋಪು ಹಾಕಿ ಸ್ನಾನ, ಬಟ್ಟೆ ಬಿಸಿನೀರಿಗೆ. ಮೊಣಕಾಲಿನ ಹಿಂದೆ, ಕಂಕುಳು, ಸೊಂಟದ ಪಟ್ಟಿ ಹತ್ತಿರ ನೋಡಿಕೊಳ್ಳಬೇಕು. ಈ ಕಾಲದಲ್ಲಿ ಓಡಾಡುವುದು ಮರಿ ಉಣುಗು. ಎಳ್ಳಿನಷ್ಟು ದೊಡ್ಡದೂ ಇರುವುದಿಲ್ಲ. ಕಚ್ಚಿದ್ದೇ ಗೊತ್ತಾಗುವುದಿಲ್ಲ.

ಹೊರಡುವಾಗ ಅಜ್ಜಿ ಮೆಲ್ಲಗೆ ಹೇಳಿದರು. ಮೇಲಿನ ಕುರುಚಲು ಹಕ್ಕಲಿನಲ್ಲಿ ಒಂದು ಮಂಗ ಸತ್ತು ಬಿದ್ದಿದೆ, ಮೂರ್ನಾಲ್ಕು ದಿನ ಆಯ್ತು.

“ಯಾರಿಗೂ ಹೇಳಿಲ್ವಾ?”

“ಹೇಳಿದ್ರೆ ಫಾರೆಸ್ಟಿನೋರು ಬರ್ತಾರೆ. ಮಂಗ ನೋಡಿ ಸುಮ್ನೆ ಹೋಗ್ತಾರಾ? ಕೊಟ್ಟಿಗೆ ಯಾವಾಗ ಕಟ್ಟಿದ್ದು ಅಂತ ಕೇಳ್ತಾರೆ.”

ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗು ಅಲ್ಲೇ ಸುತ್ತ ಹರಡಿಕೊಳ್ಳುತ್ತದೆ. ಆ ಜಾಗಕ್ಕೆ ಉಣುಗು ಸಾಯುವ ಪುಡಿ ಹೊಡೆದು, ಹೆಣ ಸುಡಬೇಕು. ಬೇಗ ಗೊತ್ತಾದಷ್ಟೂ ಒಳ್ಳೆಯದು. ಆದರೆ ಮನೆ ಹೋಗುತ್ತದೆ ಎಂಬ ಭಯ ಇರುವವರಿಗೆ ಉಣುಗಿನ ಭಯ ಎಲ್ಲಿ ಹತ್ತುತ್ತದೆ? ಅಕ್ಕ ಅಜ್ಜಿಯ ಹೆಸರು ಹೇಳದೆ, ‘ಹಕ್ಕಲಿನ ಹತ್ತಿರ’ ಅಂತಷ್ಟೇ ಆಸ್ಪತ್ರೆಗೆ ಫೋನ್ ಮಾಡಿದರು.

ಅಲ್ಲಿಂದ ಒಂದು ದೊಡ್ಡ ಅಡಿಕೆ ತೋಟದ ಮನೆ. ಕೊನೆಕೊಯ್ಲು ಜೋರಾಗಿತ್ತು. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿದ್ದರು. ಹಿಂದಿನ ಶೆಡ್ಡಿನಲ್ಲಿ ಹಾವೇರಿ ಕಡೆಯಿಂದ ಬಂದ ಕೂಲಿಯವರು. ಅವರ ರೇಷನ್ ಕಾರ್ಡು ಅವರೂರಿನಲ್ಲಿ, ಹಾಗಾಗಿ ಎಣ್ಣೆಯ ಪಟ್ಟಿಯಲ್ಲಿ ಒಬ್ಬರ ಹೆಸರೂ ಇಲ್ಲ. ಒಬ್ಬ ಹುಡುಗ ಕಂಬಳಿ ಹೊದ್ದು ಮಲಗಿದ್ದ. ಇಪ್ಪತ್ತು ದಾಟಿರಲಿಕ್ಕಿಲ್ಲ. ಕಣ್ಣು ಕೆಂಪಗೆ. ತಲೆ ಸಿಡೀತೈತಿ, ಬೆನ್ನು, ಮೀನಖಂಡ ನೋವು ಅಂದ. ಹಿಂದಿನ ದಿನ ಪೇಟೆಯ ಒಂದು ಕ್ಲಿನಿಕ್ಕಿಗೆ ಹೋಗಿದ್ದನಂತೆ. ಅಲ್ಲಿ ನೋವಿಗೆ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು.

“ಕಾಡಿಗೆ ಹೋಗಿದ್ಯಾ?” ಅಂತ ನಾನೇ ಕೇಳಿದೆ.

ಹುಡುಗ ಬಾಗಿಲಲ್ಲಿ ನಿಂತಿದ್ದ ತೋಟದ ಯಜಮಾನರ ಮುಖ ನೋಡಿದ. “ಇಲ್ರೀ” ಅಂದ. ಕ್ಲಿನಿಕ್ಕಿನಲ್ಲೂ ಹಾಗೇ ಹೇಳಿದ್ದನಂತೆ.

ಅಕ್ಕ ಅವನ ಪಕ್ಕ ಕೂತರು. ಊಟ ಮಾಡಿದ್ಯಾ, ಊರು ಯಾವುದು, ಮನೇಲಿ ಯಾರಿದ್ದಾರೆ ಅಂತ ಮಾತಿಗೆಳೆದರು. ಮೂಲೆಯಲ್ಲಿದ್ದ ಮೂರು ಕಲ್ಲಿನ ಒಲೆ ನೋಡಿಕೊಂಡು, “ಇಷ್ಟು ಜನಕ್ಕೆ ಅಡುಗೆ ಆಗ್ಬೇಕಲ್ಲ. ಸೌದೆ ಎಲ್ಲಿಂದ ತರ್ತೀಯಪ್ಪ?” ಅಂದರು.

“ಅಲ್ಲೇ ಮ್ಯಾಲಿನ ಗುಡ್ಡದಿಂದ್ರೀ. ದಿನಾ ನಾನೇ ಹೋಗೋದು.”

ಅಷ್ಟೇ ಬೇಕಿತ್ತು. ಅಕ್ಕ ಬೈಯಲಿಲ್ಲ. ಯಾಕೆ ಹೋದೆ ಅಂತ ಕೇಳಲಿಲ್ಲ. ಎಷ್ಟು ದಿನದಿಂದ ಜ್ವರ, ಮೂಗು ವಸಡಿನಲ್ಲಿ ರಕ್ತ ಬಂತಾ ಅಂತ ಮಾತ್ರ ವಿಚಾರಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದರು. ಈ ಜ್ವರಕ್ಕೆಂದೇ ಬೇರೆ ಔಷಧಿ ಇಲ್ಲ. ಪ್ಯಾರಸಿಟಮಾಲ್, ಡ್ರಿಪ್ಸು, ರಕ್ತಸ್ರಾವದ ಮೇಲೆ ಕಣ್ಣು. ಕೆಲವು ನೋವಿನ ಮದ್ದು ಈ ಜ್ವರದಲ್ಲಿ ರಕ್ತಸ್ರಾವ ಹೆಚ್ಚಿಸಬಹುದು. ಅದಕ್ಕೇ ಕಾಡಿಗೆ ಹೋಗಿದ್ದು ಮುಚ್ಚಿಟ್ಟರೆ ಅಪಾಯ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ ಅನ್ನುತ್ತದೆ ಲೆಕ್ಕ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ ಅಂತ ಅಕ್ಕ ಎರಡು ಸಲ ಹೇಳಿದ ಮೇಲೆಯೇ ಯಜಮಾನರು ತಮ್ಮ ಕಾರಿನಲ್ಲಿ ಅವನನ್ನು ಕೂರಿಸಿಕೊಂಡಿದ್ದು. ರಕ್ತದ ಸ್ಯಾಂಪಲ್ ಶಿವಮೊಗ್ಗದ ಲ್ಯಾಬಿಗೆ ಹೋಯಿತು.

ಅದೇ ಮಧ್ಯಾಹ್ನ ಪಂಚಾಯ್ತಿಯಲ್ಲಿ ಸಭೆ ಇತ್ತು. ವೈದ್ಯಾಧಿಕಾರಿ, ಅರಣ್ಯ ಇಲಾಖೆಯವರು, ಪಂಚಾಯ್ತಿ ಸದಸ್ಯರು. ಮೊದಲಿಗೆ ಎಲ್ಲರೂ ಅದೇ ಹಾಡು, ಜನ ಹೇಳಿದ ಮಾತು ಕೇಳುವುದಿಲ್ಲ, ಕಾಡಿಗೆ ಹೋಗುತ್ತಾರೆ. ನನಗೆ ರೇಗಿತು. ಅಜ್ಜಿ, ಹುಡುಗ ಯಾರೆಂದು ಹೇಳದೆ ಅವತ್ತು ಕಂಡದ್ದನ್ನು ಹೇಳಿದೆ. ಹೋಗಬೇಡಿ ಅಂದರೆ ಹೋಗುವುದು ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತದೆ. ಎಣ್ಣೆ ಕಾರ್ಡಿಗಲ್ಲ, ಕಾಡಿಗೆ ಹೋಗುವವರಿಗೆ ಕೊಡಿ. ಹೆಸರು ಕೇಳಬೇಡಿ.

“ಲೆಕ್ಕ ಯಾರು ಕೊಡ್ತಾರೆ ಮೇಡಂ? ಸಹಿ ಇಲ್ಲದೆ ಬಾಟಲಿ ಖರ್ಚು ತೋರಿಸೋಕಾಗಲ್ಲ” ಅಂದರು ವೈದ್ಯಾಧಿಕಾರಿ. ಅವರದ್ದೂ ತಪ್ಪಲ್ಲ, ಆಡಿಟ್ ಬಂದಾಗ ಉತ್ತರ ಹೇಳಬೇಕಾದವರು ಅವರು. ಬಹಳ ಹೊತ್ತು ಜಗ್ಗಾಡಿದೆವು. ನಮಗೆ ಆಸರೆಯಾಗಿ ಬಂದವರು, ನಾನು ಕನಸಲ್ಲೂ ಎಣಿಸಿರಲಿಲ್ಲ, ಮೂಲೆಯಲ್ಲಿ ಕೂತಿದ್ದ ಅರಣ್ಯ ಇಲಾಖೆಯ ವಾಚರ್. ದಿನಗೂಲಿಯವರು. “ನಮಗೂ ಎಣ್ಣೆ ಸಿಕ್ಕಿಲ್ಲ ಸರ್. ನಾವು ಇರೋದೇ ಕಾಡಲ್ಲಿ” ಅಂದರು. ಅವರ ಸಾಹೇಬರಿಗೆ ಆಮೇಲೆ ವಿರೋಧಿಸಲು ಬಾಯಿ ಬರಲಿಲ್ಲ.

ಕೊನೆಗೆ ಒಪ್ಪಂದವಾದದ್ದು ಹೀಗೆ. ಹಾಲಿನ ಡೈರಿಯಲ್ಲಿ ಒಂದು ಪೆಟ್ಟಿಗೆ, ಕಿರಾಣಿ ಅಂಗಡಿಯಲ್ಲಿ ಒಂದು ಪೆಟ್ಟಿಗೆ. ಡೈರಿಗೆ ಕೂಲಿಯವರು ಬರುವುದಿಲ್ಲ, ಅದಕ್ಕೇ ಅಂಗಡಿ. ಬೇಕಾದವರು ತಗೊಂಡು ಹೋಗಲಿ. ಪುಸ್ತಕದಲ್ಲಿ ಹೆಸರಿಲ್ಲ, ಬಾಟಲಿಗೊಂದು ಗೀಟು. ಗೀಟಿನ ಲೆಕ್ಕಕ್ಕೆ ಆಶಾ ಅಕ್ಕ, ನಾನು ಸಹಿ ಹಾಕುವುದು. ಮಂಗ ಸತ್ತ ಸುದ್ದಿ ಕೊಟ್ಟವರನ್ನು ಜಾಗದ ವಿಚಾರ ಕೇಳುವುದಿಲ್ಲ ಅಂತ ನಡಾವಳಿಯಲ್ಲಿ ಬರೆಯಿರಿ ಅಂದೆ. ಬರೆಯಲಿಲ್ಲ. ಬಾಯಿಮಾತಲ್ಲಿ ಒಪ್ಪಿದರು. ಅಜ್ಜಿಗೆ ಆ ಬಾಯಿಮಾತಿನ ಮೇಲೆ ನಂಬಿಕೆ ಇಲ್ಲ. ನನಗೂ ಅಷ್ಟಕ್ಕಷ್ಟೇ.

ಹುಡುಗನ ರಿಪೋರ್ಟು ಪಾಸಿಟಿವ್ ಬಂತು. ಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಮಣಿಪಾಲದವರೆಗೆ ಹೋಗುವ ಸ್ಥಿತಿ ಬರಲಿಲ್ಲ, ಪುಣ್ಯ. ಬಿಡುಗಡೆಯಾದ ಮೇಲೆ ಅವನಣ್ಣ ಬಂದು ಊರಿಗೆ ಕರೆದುಕೊಂಡು ಹೋದ. ಈ ಕಾಯಿಲೆಯಲ್ಲಿ ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಜ್ವರ ಬರುವುದುಂಟು. ಆಗ ಮಿದುಳಿಗೆ ಏರುವ ಅಪಾಯ ಇರುತ್ತದೆ. ಅದಕ್ಕೆ ಅಕ್ಕ ಮರೆಯದೆ ಅವನಿಗೆ ಫೋನ್ ಮಾಡುತ್ತಿದ್ದರು. ಒಂದು ಸಂಜೆ ನಾನೂ ಜೊತೆಗಿದ್ದೆ. ಸ್ಪೀಕರ್ ಹಾಕಿದ್ದರು.

“ಜ್ವರ ಬಂತೇನೋ?”

“ಇಲ್ಲಕ್ಕಾರ, ಆರಾಮದೀನಿ. ಕೂಲಿ ಬಾಕಿ ಐತ್ರಿ. ಅದನ್ನೊಂದು ಸಾಹುಕಾರಗ ಕೇಳ್ರಿ.”

ಅಕ್ಕ ಮರುದಿನವೇ ಹೋಗಿ ಕೇಳಿದರು. ಯಜಮಾನರು ಸ್ವಲ್ಪ ಗೊಣಗಿ ಫೋನ್‌ಪೇ ಮಾಡಿದರು. ಮಲಗಿದ್ದ ದಿನಗಳ ಕೂಲಿ ಮಾತ್ರ ಕೊಟ್ಟಿಲ್ಲ. ಅದನ್ನು ಮುಂದಿನ ಸಭೆಯಲ್ಲಿ ಎತ್ತಬೇಕು ಅಂತ ಅಕ್ಕ ಹೇಳಿದ್ದಾರೆ.