ಕೆಂಗೇರಿಯಲ್ಲಿ ತಿನ್ನೋಕೆ ಏನು ಸಿಗುತ್ತೆ ಅಂತ ಕೇಳುವವರಿಗೆ

ಬಸವನಗುಡಿಯ ನೆಂಟರು, ವೈಟ್‌ಫೀಲ್ಡ್ ಕಡೆ ಕೆಲಸ ಮಾಡುವ ಗೆಳತಿಯರು, ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತವರು, ಎಲ್ಲರದ್ದೂ ಒಂದೇ ಪ್ರಶ್ನೆ. "ಕೆಂಗೇರಿನಾ? ಅಷ್ಟು ದೂರ ಹೇಗಿರ್ತೀರಾ? ಹೊರಗೆ ಹೋಗಿ ಏನಾದ್ರೂ ತಿನ್ನೋಣ ಅಂದ್ರೆ ಅಲ್ಲಿ ಏನು ಸಿಗುತ್ತೆ?" ಕೇಳುವ ದನಿಯಲ್ಲಿ ಚೂರು ಕನಿಕರವೂ ಇರುತ್ತದೆ.

ಸಿಗುತ್ತದೆ ಕಣ್ರೀ. ಚೆನ್ನಾಗಿಯೇ ಸಿಗುತ್ತದೆ. ಆದರೆ ಮಂದ ಬೆಳಕು, ಮೆತ್ತನೆಯ ಸೋಫಾ, ಮುನ್ನೂರು ರೂಪಾಯಿ ಕಾಫಿ ಹುಡುಕಿಕೊಂಡು ಬಂದರೆ ನಿರಾಸೆ ಆಗುತ್ತದೆ. ಇಲ್ಲಿನ ಅಂಗಡಿಗಳು ನಡೆಯುವುದು ಯಾರಿಗೆ ಎಷ್ಟು ಹೊತ್ತಿಗೆ ಹಸಿವಾಗುತ್ತದೆ ಅನ್ನುವ ಲೆಕ್ಕದ ಮೇಲೆ. ಮೈಸೂರು ಬಸ್ ಇಳಿದವರು, ಮೊದಲ ಮೆಟ್ರೋ ಹತ್ತುವವರು, ಗಾರೆ ಕೆಲಸದವರು, ಪಿಜಿ ಹುಡುಗರು. ಅವರ ಹೊತ್ತಿಗೆ ನೀವು ಬಂದರೆ ಹಬ್ಬ. ಮಧ್ಯಾಹ್ನ ಮೂರೂವರೆಗೆ ಬಂದು "ಏನೂ ಇಲ್ವಲ್ಲ" ಅಂದರೆ ನಾನೇನು ಮಾಡಲಿ.

ಮೊದಲು ಊರಿನ ಬಗ್ಗೆ ಒಂದೆರಡು ಮಾತು. ಕೆಂಗೇರಿ ಬೆಂಗಳೂರಿನ ಬಡಾವಣೆ ಆಗಿದ್ದು ಇತ್ತೀಚೆಗೆ. 2007ರಲ್ಲಿ ಏಳು ನಗರಸಭೆ, ನೂರಾಹತ್ತು ಹಳ್ಳಿ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರಲ್ಲ, ಆಗ ಅದರ ಜೊತೆ ಸೇರಿದ ಒಂದೇ ಒಂದು ಪುರಸಭೆ ನಮ್ಮದು. ಅಲ್ಲಿವರೆಗೂ ಇದು ತನ್ನ ಪಾಡಿಗೆ ತಾನಿದ್ದ ಊರು. ರೈಲ್ವೆ ಸ್ಟೇಷನ್ ಇತ್ತು, ಪೇಟೆ ಇತ್ತು, ಕೆರೆ ಇತ್ತು. ಪಕ್ಕದಲ್ಲಿ ಉಪನಗರ ಅಂತ ಅಗಲ ರಸ್ತೆಯ ಬಡಾವಣೆ. ಈಗ ಇವೆರಡರ ಸುತ್ತ ಮೂರನೆಯದೊಂದು ಕೆಂಗೇರಿ ಬೆಳೆಯುತ್ತಿದೆ. ಕೊಮ್ಮಘಟ್ಟ, ಸೂಲಿಕೆರೆ, ರಾಮೋಹಳ್ಳಿ ಕಡೆಗೆ ಲೇಔಟ್ ಮೇಲೆ ಲೇಔಟ್. ಮೈಸೂರು ರಸ್ತೆಯಿಂದ ಮಾಗಡಿ ರಸ್ತೆವರೆಗೆ ಹಬ್ಬಿರುವ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಇನ್ನೂ ಮನೆಗಿಂತ ಖಾಲಿ ಸೈಟೇ ಜಾಸ್ತಿ. "ಕೆಂಗೇರಿಯಲ್ಲಿ ಮನೆ" ಅಂತ ಯಾರಾದರೂ ಹೇಳಿದರೆ, ಮೂರರಲ್ಲಿ ಯಾವುದು ಅಂತ ಕೇಳಬೇಕು. ಊಟದ ಕಥೆ ಒಂದೊಂದರಲ್ಲಿ ಒಂದೊಂದು ಥರ.

ಬೆಳಗ್ಗೆ ಎಂದರೆ ತಟ್ಟೆ ಇಡ್ಲಿ. ಅದಕ್ಕೆ ಹೆಸರಾದ ಬಿಡದಿ ಇಲ್ಲಿಂದ ಇಪ್ಪತ್ತು ಕಿಲೋಮೀಟರಿನ ಒಳಗೇ ಇದೆ. ಆರು ಗಂಟೆಗೆಲ್ಲ ಎತ್ತರದ ಪಾತ್ರೆಯ ಮುಚ್ಚಳ ತೆಗೆದರೆ ಹಬೆ. ಒಂದರ ಮೇಲೊಂದು ಜೋಡಿಸಿದ ತಟ್ಟೆಗಳ ಸ್ಟ್ಯಾಂಡನ್ನು ಎತ್ತಿ ಆಚೆ ಇಡುತ್ತಾರೆ. ಇಡ್ಲಿ ಅಂಗೈಗಿಂತ ಅಗಲ. ಮೇಲೆ ಒಂದು ಗುಕ್ಕು ಬೆಣ್ಣೆ, ಅದು ಕರಗಿ ಅಂಚಿಗೆ ಹರಿಯುವಷ್ಟರಲ್ಲಿ ಚಟ್ನಿ ಬೀಳಬೇಕು. ನಿಂತುಕೊಂಡೇ ತಿನ್ನುವುದು. ಸಾಂಬಾರ್ ಕೇಳಿದರೆ ಕೊಡುತ್ತಾರೆ, ಆದರೆ ಕೇಳಬೇಡಿ, ಚಟ್ನಿ ಸಾಕು.

ಹೊಸ ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಮೇಲೆ ಕಾರಿನವರು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲವನ್ನೂ ಬೈಪಾಸಿನಲ್ಲಿ ದಾಟಿಬಿಡುತ್ತಾರೆ. ಹಳೇ ರಸ್ತೆಯ ಹೋಟೆಲಿನವರಿಗೆ ಹೊಡೆತ ಬಿತ್ತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಆ ಮುಖ್ಯ ರಸ್ತೆಯಲ್ಲಿ ಪ್ರವೇಶ ಇಲ್ಲ ಅಂತಾಯಿತು. ಹಾಗಾಗಿ ಸ್ಕೂಟರಿನವರು ಈಗಲೂ ಸರ್ವಿಸ್ ರಸ್ತೆ, ಹಳೇ ರಸ್ತೆ ಹಿಡಿದು, ಇಡ್ಲಿ ಕಂಡಲ್ಲಿ ನಿಲ್ಲಿಸಿ ಹೋಗುತ್ತಾರೆ. ಸ್ಕೂಟರ್ ಇರುವ ನನ್ನಂಥವರಿಗೆ ಇದರಲ್ಲೇನೂ ಬೇಜಾರಿಲ್ಲ.

ಮಧ್ಯಾಹ್ನ ಮುದ್ದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಗರದ ಮಧ್ಯೆ ಇರುವವರು ಮುದ್ದೆಯನ್ನು ಭಾನುವಾರದ ಮೋಜು ಅಂದುಕೊಂಡಿದ್ದಾರೆ. ಇಲ್ಲಿ ಅದು ದಿನದ ಊಟ. ಹಳೇ ಪೇಟೆ ಕಡೆಯ ಮುದ್ದೆ ಹೋಟೆಲಿಗೆ ಹನ್ನೆರಡೂಕಾಲಿಗೆ ಹೋಗಿ ನೋಡಿ. ಒಳಗೆ ದೊಡ್ಡ ಪಾತ್ರೆಯಲ್ಲಿ ಹಿಟ್ಟು ಬೇಯುತ್ತಿರುತ್ತದೆ. ಒಬ್ಬರು ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಮುದ್ದೆ ಕೋಲಿನಿಂದ ತಿರುವುತ್ತಾರೆ. ಗಂಟು ಒಡೆಯಬೇಕು, ಅಷ್ಟೂ ಹಿಟ್ಟು ಒಂದೇ ಸಮ ಆಗಬೇಕು. ಆಮೇಲೆ ಬಿಸಿ ಹಿಟ್ಟನ್ನು ಮಣೆ ಮೇಲೆ ಸುರಿದು, ಕೈ ನೀರಿಗೆ ಅದ್ದಿ, ಉರುಳಿಸಿ ಉರುಳಿಸಿ ಉಂಡೆ ಕಟ್ಟುವುದು. ಕೈ ಸುಡಲ್ವಾ ಅಂತ ಕೇಳಿದ್ದಕ್ಕೆ ಅಲ್ಲಿನ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ "ಸುಡ್ತದೆ ಕಣವ್ವ, ಸುಡದೆ ಏನು" ಅಂದು ಮುಂದಿನ ಉಂಡೆಗೆ ಕೈ ಹಾಕಿದರು.

ಜೊತೆಗೆ ಬಸ್ಸಾರೋ, ಉಪ್ಸಾರೋ, ಹುರುಳಿಕಾಳಿನ ಸಾರೋ, ಆ ದಿನ ಏನು ಮಾಡಿರುತ್ತಾರೋ ಅದು. ಆಯ್ಕೆ ಎಲ್ಲ ಇಲ್ಲ. ಬಸ್ಸಾರಿನ ದಿನ ಸೊಪ್ಪು ಕಾಳಿನ ಪಲ್ಯ ಪಕ್ಕದಲ್ಲಿ ಬಿದ್ದೇ ಬೀಳುತ್ತದೆ. ಮಿಲಿಟರಿ ಹೋಟೆಲ್ ಆದರೆ ನಾಟಿ ಕೋಳಿ ಸಾರು, ಬೋಟಿ, ತಲೆ ಮಾಂಸ, ಕಾಲು ಸೂಪು. ಸೋಮವಾರ, ಶನಿವಾರ ಬಹಳ ಮನೆಗಳಲ್ಲಿ ಮಾಂಸ ಮುಟ್ಟುವುದಿಲ್ಲ, ಆ ದಿನ ಮಿಲಿಟರಿ ಹೋಟೆಲುಗಳ ಬೆಂಚು ಖಾಲಿ. ಅದೇ ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಮೈಸೂರು ರಸ್ತೆಯ ಮಟನ್ ಅಂಗಡಿಗಳ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತಿರುತ್ತದೆ.

ಒಂದು ತಕರಾರು ಇದೆ. ಈ ಹೋಟೆಲುಗಳಲ್ಲಿ ಅಡುಗೆ ಮನೆಯ ತುಂಬ ಹೆಂಗಸರು, ಬೆಂಚಿನ ತುಂಬ ಗಂಡಸರು. ಒಬ್ಬಳೇ ಹೋಗಿ ಕೂತರೆ ಮಾಲೀಕರು ಮರ್ಯಾದೆಗೆಂದೇ "ಒಳಗೆ ಫ್ಯಾಮಿಲಿ ರೂಮ್ ಐತೆ ಮೇಡಂ" ಅನ್ನುತ್ತಾರೆ. ಆ ರೂಮಿಗೆ ಫ್ಯಾನ್ ಇರಲ್ಲ, ಬಡಿಸುವ ಹುಡುಗ ಅರ್ಧ ಗಂಟೆಗೊಮ್ಮೆ ಇಣುಕುತ್ತಾನೆ. ನಾನು ಹೊರಗೇ ಕೂರುತ್ತೇನೆ. ಈಗ ಪಿಜಿಯ ಹುಡುಗಿಯರೂ ಬಂದು ಕೂರುತ್ತಾರೆ, ಸ್ವಲ್ಪ ಸ್ವಲ್ಪವೇ ಅಭ್ಯಾಸ ಆಗುತ್ತಿದೆ.

ಡಿಸೆಂಬರ್, ಜನವರಿಯಲ್ಲಿ ಬನ್ನಿ ಅಂತ ನಾನು ಎಲ್ಲರಿಗೂ ಹೇಳುವುದು ಅವರೆಕಾಯಿಗೆ. ಮಾಗಡಿ ಅವರೆ ನಮಗೆ ಹತ್ತಿರ. ರಸ್ತೆ ಬದಿ ಚೀಲ ಹಾಸಿ ರಾಶಿ ಸುರಿದುಕೊಂಡು ಕೂತಿರುತ್ತಾರೆ. ಕಾಯಿ ಮುಟ್ಟಿದರೆ ಬೆರಳಿಗೆ ಜಿಡ್ಡು ಅಂಟಬೇಕು, ಮೂಗಿನ ಹತ್ತಿರ ತಂದರೆ ಸೊಗಡು ಘಮ್ ಅನ್ನಬೇಕು. ಸಂಜೆ ಬಿಡಿಸಿ, ಕಾಳು ನೆನೆಹಾಕಿ, ಬೆಳಗ್ಗೆ ಒಂದೊಂದೇ ಕಾಳನ್ನು ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ ಅಂತ ಹಾರಿ ಬರುತ್ತದೆ. ಅದೇ ಹಿತಕಿದ ಬೇಳೆ. ಪುರುಸೊತ್ತಿಲ್ಲದವರಿಗೆ ಹಿತಕಿದ್ದೇ ಸಿಗುತ್ತದೆ, ಸಣ್ಣ ಕವರಿನಲ್ಲಿ ಕಟ್ಟಿ ಮಾರುತ್ತಾರೆ. ರೇಟು ಜಾಸ್ತಿ ಅಂತ ಚೌಕಾಸಿಗೆ ಇಳಿಯುವವರು ಒಂದು ಸಲ ಅರ್ಧ ಕೆಜಿ ತಾವೇ ಹಿತಕಿ ನೋಡಲಿ, ಆಮೇಲೆ ಮಾತಾಡೋಣ.

ಇನ್ನು ಮೂರನೇ ಕೆಂಗೇರಿ, ಹೊಸ ಲೇಔಟುಗಳು. ಇಲ್ಲಿ ಅಂಗಡಿಗಳು ಬರುವುದಕ್ಕೆ ಒಂದು ಕ್ರಮ ಇದೆ, ನಾನು ಕಣ್ಣಾರೆ ನೋಡುತ್ತಾ ಬಂದಿದ್ದೇನೆ. ಮೊದಲು ಬರುವುದು ನೀಲಿ ಟಾರ್ಪಾಲಿನ ಟೀ ಶೆಡ್ಡು. ಮನೆ ಕಟ್ಟುವವರಿಗೆ ಟೀ, ಬೋಂಡ. ಆಮೇಲೆ ಓಮ್ನಿ ವ್ಯಾನು. ಹಿಂದಿನ ಬಾಗಿಲು ಎತ್ತಿದರೆ ಚಿತ್ರಾನ್ನ, ಪುಳಿಯೋಗರೆ, ಇಡ್ಲಿ, ಹತ್ತು ಗಂಟೆಗೆಲ್ಲ ಡಬ್ಬಿ ಖಾಲಿ, ವ್ಯಾನೂ ಮಾಯ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಜಾಸ್ತಿ ಇರುವ ಕಡೆ ಜೋಳದ ರೊಟ್ಟಿ ತಟ್ಟುವ ಮನೆಯೊಂದು ಶುರುವಾಗುತ್ತದೆ. ಬೋರ್ಡೂ ಇರುವುದಿಲ್ಲ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಬೆಂಗಳೂರಿನ ನಡುಮಧ್ಯದ ಎಸಿ ಖಾನಾವಳಿಗಳಲ್ಲಿ ಇದಕ್ಕಿಂತ ಮೂರು ಪಟ್ಟು ಕೊಟ್ಟು ಇದಕ್ಕಿಂತ ದಪ್ಪ ರೊಟ್ಟಿ ತಿಂದಿದ್ದೇನೆ.

ಮನೆಗಳಲ್ಲಿ ದೀಪ ಹತ್ತಲು ಶುರುವಾದ ಮೇಲೆ ಗೋಬಿ, ಪಾನಿಪೂರಿ ಗಾಡಿ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಮಾಡಿದ ಮೇಲೆ ನಮ್ಮ ರಸ್ತೆಯ ಗೋಬಿ ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿತು. ಮಕ್ಕಳು ನಾಲ್ಕು ದಿನ ಮುಖ ಸಿಂಡರಿಸಿದವು, ಆಮೇಲೆ ಮತ್ತೆ ಅದೇ ಗಾಡಿ, ಅದೇ ಗುಂಪು.

ಆಮೇಲೆ ಬೇಕರಿ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಕಥೆ ಚಿಕ್ಕಪೇಟೆಯಲ್ಲಿ 1898ರಲ್ಲಿ ಹಾಸನದ ಕಡೆಯವರಿಂದ ಶುರುವಾಗಿದ್ದು, ಈಗ ಎಲ್ಲ ಹೊಸ ಬಡಾವಣೆಗೂ ಅದೇ ಬೋರ್ಡು. ಬೇಕರಿ ಬಂತು ಅಂದರೆ ಸಂಸಾರಗಳು ಬಂದಿವೆ ಅಂತಲೇ ಲೆಕ್ಕ. ಕೂಲಿ ಕೆಲಸದವರೊಬ್ಬರನ್ನೇ ನಂಬಿ ಬೇಕರಿ ನಡೆಯಲ್ಲ. ಅದಕ್ಕೆ ಹುಟ್ಟುಹಬ್ಬದ ಕೇಕು ಬೇಕು, ಶಾಲೆಯಿಂದ ಬಂದ ಮಕ್ಕಳಿಗೆ ಖಾರ ಬನ್ನು ಬೇಕು, ನೆಂಟರ ಮನೆಗೆ ಕಟ್ಟಿಸಿಕೊಂಡು ಹೋಗುವವರು ಬೇಕು. ದರ್ಶಿನಿ, ಅಂದರೆ ನಿಂತು ತಿಂದು ಹೋಗುವ ಹೋಟೆಲ್, ಬರುವುದು ಕೊನೆಗೆ. ಮೂಲೆ ಸೈಟು, ದೊಡ್ಡ ಅಡ್ವಾನ್ಸು, ಬೆಳಗಿಂದ ರಾತ್ರಿವರೆಗೂ ಗಿರಾಕಿ, ಇಷ್ಟೂ ಇಲ್ಲದೆ ಯಾರೂ ಅದಕ್ಕೆ ಕೈ ಹಾಕುವುದಿಲ್ಲ. ಹೀಗಾಗಿ ಕೆಲವು ಲೇಔಟುಗಳಲ್ಲಿ ಕೋಟಿ ರೂಪಾಯಿ ಮನೆ ಇದೆ, ಒಂದು ಕಾಫಿ ಕುಡಿಯಬೇಕೆಂದರೆ ಎರಡು ಕಿಲೋಮೀಟರ್.

ಆರ್ಡರ್ ಮಾಡಿ ತರಿಸಬಹುದಲ್ವಾ ಅನ್ನುತ್ತಾರೆ. ತರಿಸಬಹುದು. ಆದರೆ ಮ್ಯಾಪಿನಲ್ಲಿ ಇನ್ನೂ ಹೆಸರಿಲ್ಲದ ಅಡ್ಡರಸ್ತೆಗೆ ಡೆಲಿವರಿ ಹುಡುಗ ಬಂದು ತಲುಪುವಷ್ಟರಲ್ಲಿ ದೋಸೆ ಚರ್ಮದಂತೆ ಆಗಿರುತ್ತದೆ. "ವಾಟರ್ ಟ್ಯಾಂಕ್ ಹತ್ರ ಬಂದು ಫೋನ್ ಮಾಡಪ್ಪ" ಅನ್ನುವುದೇ ಇಲ್ಲಿನ ವಿಳಾಸ.

ಮೆಟ್ರೋ ಬಂದ ಮೇಲೆ ಬದಲಾಗಿದ್ದು ಬಹಳ. 2021ರ ಆಗಸ್ಟ್ ಕೊನೆಗೆ ಕೆಂಗೇರಿಗೆ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ ಪೂರ್ತಿ ಆಯಿತು. 43 ಕಿಲೋಮೀಟರ್ ಚಿಲ್ಲರೆ, 37 ನಿಲ್ದಾಣ, ಊರಿನ ಈ ತುದಿಯಿಂದ ಆ ತುದಿಗೆ ಒಂದೇ ರೈಲು. ಈಗ ಸ್ಟೇಷನ್ ಕೆಳಗೆ ರಾತ್ರಿ ಹತ್ತರವರೆಗೂ ದೋಸೆ ಗಾಡಿ, ಎಗ್ ರೈಸ್, ಜ್ಯೂಸ್. ಕಾಲೇಜುಗಳಿಂದಾಗಿ ಕೇರಳದ ಹುಡುಗರು, ಹುಡುಗಿಯರು ತುಂಬ ಇದ್ದಾರೆ. ಪರೋಟ, ಬಾಳೆಹಣ್ಣಿನ ಬಜ್ಜಿ, ಕಡು ಟೀ ಮಾರುವ ಅಂಗಡಿಗಳು ಅವರ ಜೊತೆಗೇ ಬಂದವು. ಸಂಜೆ ಏಳರಿಂದ ಒಂಬತ್ತರ ಮಧ್ಯೆ ಅಲ್ಲಿ ನಿಂತರೆ, ಕೆಂಗೇರಿಗೆ ಈ ವರ್ಷ ಯಾವ ಕಡೆಯವರು ಹೊಸದಾಗಿ ಬಂದಿದ್ದಾರೆ ಅಂತ ಬಾಣಲೆ ನೋಡಿಯೇ ಹೇಳಬಹುದು. ಆದರೆ 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಏರಿದ ಮೇಲೆ, ಸುಮ್ನೆ ಒಂದು ದೋಸೆಗೆ ಅಂತ ನಾಲ್ಕು ಜನ ಮಲ್ಲೇಶ್ವರಕ್ಕೆ ಹೋಗಿಬರುವುದು ನಮ್ಮ ಮನೆಯಲ್ಲಿ ನಿಂತಿದೆ. ಟಿಕೆಟ್ಟಿನ ದುಡ್ಡಿಗೆ ಇಲ್ಲೇ ಹೊಟ್ಟೆ ತುಂಬುತ್ತದೆ.

ಇಷ್ಟೆಲ್ಲ ಹೊಗಳಿ ಬೇರೆಯದನ್ನು ಮುಚ್ಚಿಟ್ಟರೆ ಸರಿಯಲ್ಲ. ವೃಷಭಾವತಿ ಮೈಸೂರು ರಸ್ತೆಯ ಪಕ್ಕದಲ್ಲೇ ಹರಿಯುತ್ತದೆ. ಹರಿಯುವುದು ನದಿ ಅಂತ ಗೊತ್ತಾಗುವುದು ಭೂಪಟದಲ್ಲಿ ಮಾತ್ರ. ಮಳೆ ಬಂದ ಮಾರನೇ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ಮೂಗು ಮುಚ್ಚಿಕೊಳ್ಳುವ ಜಾಗ ನಮಗೆಲ್ಲ ಬಾಯಿಪಾಠ.

ಮತ್ತೆ ನೀರು. 2024ರ ಬೇಸಿಗೆ ನೆನಪಿದೆಯಲ್ಲ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳಿ, ಕೊನೆಗೆ ಜಿಲ್ಲಾಡಳಿತವೇ ದರ ಕಟ್ಟಿತು. ಐದು ಕಿಲೋಮೀಟರಿನ ಒಳಗೆ 12,000 ಲೀಟರಿಗೆ 1,000 ರೂಪಾಯಿ, ಜಿಎಸ್‌ಟಿ ಬೇರೆ. ಆಗ ಹೋಟೆಲುಗಳಲ್ಲಿ ಸ್ಟೀಲ್ ತಟ್ಟೆ ಹೋಗಿ ಪೇಪರ್ ತಟ್ಟೆ ಬಂತು, ಲೋಟದಲ್ಲಿ ಅರ್ಧ ನೀರು. ಅದೇ ವರ್ಷ ಅಕ್ಟೋಬರ್‌ನಲ್ಲಿ, 2007ರಲ್ಲಿ ಸೇರಿದ ಆ ನೂರಾಹತ್ತು ಹಳ್ಳಿಗಳಿಗೆಂದೇ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆ ಆಯಿತು, ದಿನಕ್ಕೆ 775 ದಶಲಕ್ಷ ಲೀಟರ್. ಪೈಪು ಬಂದ ರಸ್ತೆಯವರಿಗೆ ನೆಮ್ಮದಿ.

ಮನೆ ನೋಡೋಕೆ ಬರುವವರು ಸಾಮಾನ್ಯವಾಗಿ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಬರುತ್ತಾರೆ. ಬಿಸಿಲು, ಗಾಳಿ, ಖಾಲಿ ರಸ್ತೆ, ಎಲ್ಲ ಚೆಂದ ಕಾಣುತ್ತದೆ. ವಾರದ ದಿನ ರಾತ್ರಿ ಒಂಬತ್ತಕ್ಕೆ ಬನ್ನಿ. ಮೆಟ್ರೋ ಇಳಿದು ಆ ಮನೆವರೆಗೆ ಆಟೋದವರು ಬರುತ್ತಾರಾ, ಬಂದರೆ ಎಷ್ಟು ಕೇಳುತ್ತಾರೆ ನೋಡಿ. ದಾರಿಯಲ್ಲಿ ಎಷ್ಟು ಅಂಗಡಿಗಳಲ್ಲಿ ದೀಪ ಇದೆ ನೋಡಿ. ಬೇಕರಿ ಇದ್ದರೆ ಒಳಗೆ ಹೋಗಿ ಒಂದು ಬನ್ನು ತಗೊಂಡು ಕೇಳಿ, ಯಾವ ರಸ್ತೆಗೆ ಟ್ಯಾಂಕರ್ ಬರುತ್ತೆ, ಯಾವ ರಸ್ತೆಗೆ ಕಾವೇರಿ ಬರುತ್ತೆ ಅಂತ ಅವರಿಗೆ ಗೊತ್ತಿರುತ್ತದೆ, ಬ್ರೋಕರ್ ಹೇಳುವುದಿಲ್ಲ. ಓನರ್ ಹತ್ತಿರ ಬಾಡಿಗೆ ಮಾತು ಆಮೇಲೆ. ಅವರು "ನೀರಿಗೇನು ತೊಂದ್ರೆ ಇಲ್ಲ, ಬೋರ್ ಇದೆ" ಅಂದರೆ, ಏಪ್ರಿಲ್‌ನಲ್ಲೂ ಬರುತ್ತಾ ಅಂತ ಇನ್ನೊಂದು ಸಲ ಕೇಳಿ.