ಬೊಳ್ಳುವಿನ ತಟ್ಟೆ

ನಮ್ಮ ಬೊಳ್ಳುವಿಗೆ ಈಗ ಐದು ವರ್ಷ. ಉರ್ವ ಮಾರ್ಕೆಟ್ ಹತ್ತಿರ ಮಳೆಯಲ್ಲಿ ನೆನೆದು ಕೂಗುತ್ತಿದ್ದ ಬೆಕ್ಕಿನ ಮರಿಯನ್ನು ಸೆರಗಲ್ಲಿ ಸುತ್ತಿ ತಂದಿದ್ದೆ. ಅಂಗಡಿಯಲ್ಲಿ ಸಿಕ್ಕಿದ ಡ್ರೈ ಫುಡ್, ಅಂದರೆ ಒಣ ಕಾಳು, ಹಾಕಿದೆ. ಅವತ್ತಿನಿಂದ ಅದೇ ಅವನ ಊಟ. ಬಂಗುಡೆ ಕೊಟ್ಟರೂ ಮೂಸಿ ಹಿಂದೆ ಸರಿಯುತ್ತಾನೆ. ಮಂಗಳೂರಿನ ಪುಚ್ಚೆ (ತುಳುವಿನಲ್ಲಿ ಬೆಕ್ಕು) ಮೀನು ಮುಟ್ಟಲ್ಲ ಅಂದರೆ ಯಾರೂ ನಂಬುವುದಿಲ್ಲ.

ಕಳೆದ ಜೂನ್‌ನಲ್ಲಿ ಅವನು ಮತ್ತೆ ಮತ್ತೆ ಮೂತ್ರಕ್ಕೆ ಇಟ್ಟ ಮಣ್ಣಿನ ಟ್ರೇಗೆ ಹೋಗಿ ಕೂರತೊಡಗಿದ. ಬರುತ್ತಿದ್ದದ್ದು ನಾಲ್ಕೇ ಹನಿ. ಕೂಡಲೇ ಡಾಕ್ಟರ್ ಹತ್ತಿರ ಓಡಿದೆ. ಮೂತ್ರದಲ್ಲಿ ಹರಳು ಇತ್ತು, ಪುಣ್ಯಕ್ಕೆ ಪೂರ್ತಿ ಕಟ್ಟಿರಲಿಲ್ಲ. ಗಂಡು ಬೆಕ್ಕಿಗೆ ಮೂತ್ರ ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದಂತೆ. ಔಷಧಿ ಕೊಟ್ಟು, "ಇವನ ಹೊಟ್ಟೆಗೆ ನೀರು ಹೋಗಬೇಕು, ವೆಟ್ ಫುಡ್ ಶುರು ಮಾಡಿ" ಅಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಡ್ರೈ ಫುಡ್‌ನಲ್ಲಿ ನೀರಿನ ಅಂಶ ಸುಮಾರು ಶೇಕಡಾ 10. ದಿನಕ್ಕೆ 60 ಗ್ರಾಂ ತಿಂದರೆ ಆರು ಎಂಎಲ್ ನೀರು, ಒಂದು ಚಮಚ ಚಿಲ್ಲರೆ. ವೆಟ್ ಫುಡ್‌ನಲ್ಲಿ ಶೇಕಡಾ 80ರಷ್ಟು ನೀರೇ. 85 ಗ್ರಾಂ ಪೌಚ್ ಒಂದರಲ್ಲೇ ಸುಮಾರು 68 ಎಂಎಲ್. ಬೆಕ್ಕಿನ ಪೂರ್ವಜರು ಮರುಭೂಮಿಯವರು, ಬೇಟೆಯ ಮೈಯೊಳಗಿನ ನೀರಲ್ಲೇ ಬದುಕಿದವರು. ಅದಕ್ಕೇ ಇವಕ್ಕೆ ಬಾಯಾರಿಕೆ ಕಡಿಮೆ. ಬಟ್ಟಲಲ್ಲಿ ನೀರಿಟ್ಟ ಮಾತ್ರಕ್ಕೆ ಕುಡಿಯುತ್ತವೆ ಅಂತಿಲ್ಲ.

ಮೊದಲ ದಿನವೇ ನಾನು ತಪ್ಪು ಮಾಡಿದೆ. "ಹಸಿವಾದ್ರೆ ಎಲ್ಲಾ ತಿಂತದೆ ಮಾರಾಯ್ತಿ" ಅಂದರು ಪಕ್ಕದ ಮನೆಯ ಅಕ್ಕ. ನಾನೂ ನಂಬಿ ಡ್ರೈ ಫುಡ್ ಡಬ್ಬ ಮೇಲಿಟ್ಟು, ವೆಟ್ ಫುಡ್ ಮಾತ್ರ ಹಾಕಿದೆ. ಬೊಳ್ಳು ಒಂದು ರಾತ್ರಿ, ಒಂದು ಹಗಲು ಏನೂ ಮುಟ್ಟಲಿಲ್ಲ. ಕಾಳಿನ ಖಾಲಿ ಬಟ್ಟಲಿನ ಎದುರು ಕೂತು ನನ್ನನ್ನೇ ನೋಡುತ್ತಿದ್ದ. ಡಾಕ್ಟರಿಗೆ ಫೋನ್ ಮಾಡಿದರೆ ಬೈದರು. ಬೆಕ್ಕನ್ನು ಉಪವಾಸ ಕೆಡವಲೇಬಾರದಂತೆ. ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬು ಲಿವರ್‌ನಲ್ಲಿ ತುಂಬಿಕೊಂಡು ಕಾಯಿಲೆಯಾಗುತ್ತದೆ, ದಪ್ಪ ಬೆಕ್ಕಿಗೆ ಇನ್ನೂ ಅಪಾಯ. ಇವನು 5.2 ಕೆಜಿ. ಅಳು ಬಂತು. ತಕ್ಷಣ ಕಾಳು ಹಾಕಿದೆ.

ಮತ್ತೆ ನಿಧಾನಕ್ಕೆ ಶುರು ಮಾಡಿದೆ. ಇಡೀ ದಿನ ಬಟ್ಟಲು ತುಂಬಿಡುವುದನ್ನು ನಿಲ್ಲಿಸಿ, ದಿನಕ್ಕೆ ಮೂರು ಹೊತ್ತು ಅಂತ ಮಾಡಿದೆ. ಕಾಳಿನ ಪಕ್ಕದಲ್ಲಿ ಇನ್ನೊಂದು ತಟ್ಟೆಯಲ್ಲಿ ಒಂದೇ ಚಮಚ ವೆಟ್ ಫುಡ್. ತಿನ್ನಲಿ ಅಂತಲ್ಲ, ವಾಸನೆ ಅಭ್ಯಾಸವಾಗಲಿ ಅಂತ. ಒಂದು ವಾರ ಅದನ್ನು ದಿನಾ ಚೆಲ್ಲಿದೆ. ಬೇಜಾರಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಎರಡು ವಿಷಯ ಗೊತ್ತಾಯಿತು. ಒಂದು, ಫ್ರಿಜ್‌ನಿಂದ ತೆಗೆದ ತಣ್ಣನೆಯ ಊಟವನ್ನು ಅವನು ಮೂಸಿಯೂ ನೋಡುವುದಿಲ್ಲ. ಪೌಚನ್ನು ಬಿಸಿನೀರಿನ ಲೋಟದಲ್ಲಿ ಐದು ನಿಮಿಷ ಇಟ್ಟು, ಬೆರಳಿಗೆ ಉಗುರುಬೆಚ್ಚಗೆ ಅನಿಸುವ ಹಾಗೆ ಕೊಟ್ಟೆ. ಮೂಗು ಅಲ್ಲಾಡಿತು! ಇನ್ನೊಂದು, ಅವನಿಗೆ ತುಂಡುಗಳು ಬೇಡ, ಗ್ರೇವಿ ಮಾತ್ರ ನೆಕ್ಕುತ್ತಾನೆ. ಹಾಗಾಗಿ ಫೋರ್ಕ್‌ನಲ್ಲಿ ಪೂರ್ತಿ ಕಿವುಚಿ, ಅವನದೇ ಕಾಳನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಚಟ್ನಿಪುಡಿಯ ಹಾಗೆ ಮೇಲೆ ಉದುರಿಸಿದೆ. ಹದಿಮೂರನೇ ದಿನ ಅರ್ಧ ತಟ್ಟೆ ಖಾಲಿ. ನಾನು ಅಡುಗೆಮನೆಯಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದೆ. ಮರಿಯಿಂದ ಕಂಡ ವಾಸನೆ, ಹಲ್ಲಿಗೆ ಗೊತ್ತಿರುವ ಕುರುಕುರು, ಅದನ್ನೇ ಅವನು ಊಟ ಅಂತ ತಿಳಿದಿದ್ದಾನೆ. ಅದು ಹಠ ಅಲ್ಲ ಅಲ್ವಾ?

ಮೀನು ಬೇಯಿಸಿ ಹಾಕಿದರೆ ಸಾಲದಾ ಅಂತ ಅಮ್ಮ ಕೇಳಿದರು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ, ಒಳ್ಳೆ ಮೀನೇ ಕಷ್ಟ. ಸಿಕ್ಕಿದರೂ ಬರೀ ಮೀನಲ್ಲಿ ಬೆಕ್ಕಿಗೆ ಬೇಕಾದ್ದೆಲ್ಲ ಇರುವುದಿಲ್ಲ. ಕೆಲವು ಮೀನು ಹಸಿಯಾಗಿ ದಿನಾ ತಿಂದರೆ ಬಿ1 ವಿಟಮಿನ್ ಹಾಳಾಗುತ್ತದೆ. ನಮ್ಮ ಮೀನು ಸಾರಂತೂ ಬೇಡವೇ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಪೌಚ್ ಕೊಳ್ಳುವಾಗ 'ಕಂಪ್ಲೀಟ್' ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಅದು ತಿಂಡಿ, ಊಟ ಅಲ್ಲ.

ಮಳೆಗಾಲದ ದೊಡ್ಡ ಕಾಟ ಇರುವೆ. ಹತ್ತು ನಿಮಿಷದಲ್ಲಿ ಸಾಲು ಹಾಜರು. ಅಜ್ಜಿ ಬೆಲ್ಲದ ಡಬ್ಬಿ ಇಡುತ್ತಿದ್ದ ಹಾಗೆ ಅಗಲ ಬಟ್ಟಲಲ್ಲಿ ನೀರು ಹಾಕಿ ನಡುವೆ ತಟ್ಟೆ ಇಡುತ್ತೇನೆ. ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ತೆಗೆದುಬಿಡುತ್ತೇನೆ, ಇಲ್ಲಿನ ಸೆಕೆಗೆ ಬೇಗ ಹಳಸುತ್ತದೆ.

ಆರು ವಾರ ಹಿಡಿಯಿತು. ಪೂರ್ತಿ ಪೌಚ್ ಆದರೆ ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಕು, ನನ್ನ ಸಂಬಳಕ್ಕೆ ಭಾರ. ಡಾಕ್ಟರ್ ಒಪ್ಪಿದ ಮೇಲೆ ಈಗ ದಿನಕ್ಕೆ ಎರಡು ಪೌಚ್, ರಾತ್ರಿಗೆ ಸ್ವಲ್ಪ ಕಾಳು. ಟ್ರೇಯಲ್ಲಿ ಮೂತ್ರಕ್ಕೆ ಕಟ್ಟುವ ಮಣ್ಣಿನ ಉಂಡೆ ಮೊದಲು ನೆಲ್ಲಿಕಾಯಿ ಗಾತ್ರ ಇರುತ್ತಿತ್ತು, ಈಗ ನಿಂಬೆಹಣ್ಣಿನಷ್ಟು ದೊಡ್ಡದು. ದಿನಾ ಬೆಳಿಗ್ಗೆ ಅದನ್ನು ನೋಡಿದ ಮೇಲೆಯೇ ನಾನು ಚಹಾಕ್ಕೆ ನೀರಿಡುವುದು.